ಷಿಮೊನೊಸೆಕಿಯ ಕರಾರು ಇನ್ನೂ ಯಾಕೆ ಮುಗಿದಿಲ್ಲ?

2025ರ ನವೆಂಬರ್ 7ರಂದು ಜಪಾನಿನ ಪ್ರಧಾನಿ ಸನಾಯೆ ತಕಾಯಿಚಿ ಸಂಸತ್ತಿನಲ್ಲಿ ಒಂದು ಪ್ರಶ್ನೆಗೆ ಉತ್ತರ ಕೊಡುತ್ತ, ತೈವಾನ್ ಮೇಲೆ ಯುದ್ಧನೌಕೆಗಳನ್ನು ಬಳಸಿ ದಾಳಿ ನಡೆದರೆ ಅದು ಜಪಾನಿನ ಉಳಿವಿಗೇ ಕುತ್ತು ತರುವ ಸಂದರ್ಭವಾಗಬಹುದು ಎಂದರು. ಜಪಾನಿನ 2015ರ ಭದ್ರತಾ ಕಾನೂನಿನಲ್ಲಿ ಆ ಮಾತಿಗೆ ಖಚಿತವಾದ ಅರ್ಥವಿದೆ. ತನ್ನ ಮೇಲೆ ನೇರ ದಾಳಿ ಆಗದಿದ್ದರೂ ಸೇನೆಯನ್ನು ಕಣಕ್ಕಿಳಿಸಲು ಅದು ದಾರಿ ಮಾಡಿಕೊಡುತ್ತದೆ. ವಾರ ಕಳೆಯುವಷ್ಟರಲ್ಲಿ ಚೀನಾ ತನ್ನ ಪ್ರಜೆಗಳಿಗೆ ಜಪಾನ್ ಪ್ರವಾಸ ಬೇಡವೆಂದು ಸೂಚಿಸಿತು. ಆಮೇಲೆ ನಡೆದ ವಾಗ್ವಾದದಲ್ಲಿ ಬೀಜಿಂಗ್ 1943ರ ಕೈರೊ ಘೋಷಣೆಯನ್ನು ಮುಂದಿಟ್ಟಿತು. ಟೋಕಿಯೊದ ನಿಲುವು ನಿಂತಿರುವುದು 1951ರ ಸ್ಯಾನ್ ಫ್ರಾನ್ಸಿಸ್ಕೊ ಒಪ್ಪಂದ ಮತ್ತು ಚೀನಾದೊಂದಿಗಿನ 1972ರ ಜಂಟಿ ಹೇಳಿಕೆಯ ಮೇಲೆ. ಈ ಮೂರೂ ಕಾಗದಗಳು ಬಿಡಿಸಲು ಹೊರಟ ಗಂಟು ಒಂದೇ: 1895ರ ಏಪ್ರಿಲ್ 17ರಂದು ಜಪಾನಿನ ಷಿಮೊನೊಸೆಕಿಯಲ್ಲಿ ಸಹಿಯಾದ, ಯುದ್ಧ ಸೋತ ಚೀನಾ ತೈವಾನನ್ನು ಜಪಾನಿಗೆ ಬಿಟ್ಟುಕೊಟ್ಟ ಕರಾರು.

ಚೀನಾ ಮತ್ತು ಜಪಾನ್ ಸಾವಿರಾರು ವರ್ಷಗಳ ಹಗೆಗಳೆಂದು ಸಲೀಸಾಗಿ ಹೇಳುವವರಿದ್ದಾರೆ. ಇತಿಹಾಸ ಅದನ್ನು ಒಪ್ಪುವುದಿಲ್ಲ. 663ರಲ್ಲಿ ಕೊರಿಯಾದ ನದಿಮುಖವೊಂದರಲ್ಲಿ ನಡೆದ ನೌಕಾಕದನ, 1274 ಮತ್ತು 1281ರ ಮಂಗೋಲ್ ದಂಡಯಾತ್ರೆಗಳು, 1592ರಿಂದ 1598ರವರೆಗಿನ ಕೊರಿಯಾ ಯುದ್ಧ ಇವನ್ನು ಬಿಟ್ಟರೆ ಇಬ್ಬರ ನಡುವೆ ದೊಡ್ಡ ಯುದ್ಧಗಳೇ ನಡೆದಿಲ್ಲ. ಇಂದಿನ ವೈರಕ್ಕೆ ಹೆಚ್ಚೆಂದರೆ ನೂರೈವತ್ತು ವರ್ಷ ವಯಸ್ಸು. ಅದು ಹುಟ್ಟಿದ್ದು ಲಂಡನ್, ಪ್ಯಾರಿಸ್, ಸೇಂಟ್ ಪೀಟರ್ಸ್‌ಬರ್ಗ್‌ಗಳು ಬರೆದ ನಿಯಮಗಳೊಳಗೆ. ಆ ನಿಯಮಗಳನ್ನು ಜಪಾನ್ ಮೊದಲು ಕಲಿತು ನೆರೆಯವರ ಮೇಲೆ ಪ್ರಯೋಗಿಸಿತು. ಚೀನಾ ಸೋತಾಗ ಆ ಸೋಲಿಗೆ ಸಾಲ ಕೊಟ್ಟು ಬಡ್ಡಿ ತಿಂದವರು ಯುರೋಪಿನವರು. 1895ರ ಕರಾರಿನ ಹಣ ಯಾರ ಕೈಯಿಂದ ಯಾರ ಕೈಗೆ ಹೋಯಿತೆಂದು ಹಿಂಬಾಲಿಸಿದರೆ ಇದು ಸ್ಪಷ್ಟವಾಗಿ ಕಾಣುತ್ತದೆ.

ಮೊದಲು ನಿಯಮಗಳನ್ನು ನೋಡೋಣ. ಮೊದಲ ಅಫೀಮು ಯುದ್ಧದ ನಂತರ, 1842ರಿಂದ ಚೀನಾದ ಮೇಲೂ, 1858ರಿಂದ ಜಪಾನಿನ ಮೇಲೂ ಪಾಶ್ಚಾತ್ಯರು ಹೇರಿದ ಒಪ್ಪಂದಗಳಲ್ಲಿ ಮೂರು ಕೊಂಡಿಗಳಿದ್ದವು. ಒಂದು, ಆಮದು ಸುಂಕ (ಜಪಾನಿನಲ್ಲಿ 1866ರಿಂದ) ಹೆಚ್ಚುಕಡಿಮೆ ಶೇ. 5ಕ್ಕೆ ಕಟ್ಟುಬಿದ್ದಿತ್ತು, ಅದನ್ನು ಏರಿಸುವ ಅಧಿಕಾರ ದೇಶಕ್ಕೇ ಇರಲಿಲ್ಲ. ಎರಡು, ವಿದೇಶಿಯೊಬ್ಬ ಅಪರಾಧ ಮಾಡಿದರೆ ವಿಚಾರಣೆ ನಡೆಸುವವನು ಅವನದೇ ದೇಶದ ಕಾನ್ಸುಲ್, ಅಂದರೆ ಅಲ್ಲಿರುವ ಆ ದೇಶದ ಪ್ರತಿನಿಧಿ. ಮೂರನೆಯದು ಎಲ್ಲಕ್ಕಿಂತ ಚತುರವಾದ ಪರಮಾಪ್ತ ರಾಷ್ಟ್ರದ ಷರತ್ತು: ಯಾವುದೇ ಒಂದು ದೇಶಕ್ಕೆ ಕೊಟ್ಟ ರಿಯಾಯಿತಿ ಉಳಿದ ಒಪ್ಪಂದದ ದೇಶಗಳಿಗೂ ತಾನಾಗಿಯೇ ಸಲ್ಲುತ್ತದೆ. ಒಬ್ಬ ಯುದ್ಧ ಮಾಡಿ ಗಿಟ್ಟಿಸಿದ್ದು ಎಲ್ಲರ ಪಾಲಾಗುತ್ತಿತ್ತು. ಈ ಮೂರನೆಯ ಕೊಂಡಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

1871ರಲ್ಲಿ ಚೀನಾ ಮತ್ತು ಜಪಾನ್ ತಮ್ಮ ಮೊದಲ ಆಧುನಿಕ ಒಪ್ಪಂದ ಮಾಡಿಕೊಂಡಾಗ ಅದು ಸರಿಸಮಾನವಾಗಿಯೇ ಇತ್ತು. ಪಾಶ್ಚಾತ್ಯರಿಗೆ ಸಿಕ್ಕಿದ್ದೇ ತಮಗೂ ಬೇಕೆಂದು ಜಪಾನ್ ಕೇಳಿತ್ತು. ಚೀನಾದ ಪರವಾಗಿ ಮಾತುಕತೆ ನಡೆಸಿದ ಲಿ ಹೊಂಗ್‌ಜಾಂಗ್ ಪರಮಾಪ್ತ ಷರತ್ತನ್ನು ಕೊಡಲು ಒಪ್ಪಲಿಲ್ಲ. ಹಾಗಾಗಿ ಜಪಾನ್ ಬೇರೆ ದಾರಿ ಹುಡುಕಿತು. ರ್ಯೂಕ್ಯು ದ್ವೀಪಗಳ 54 ಮಂದಿ ತೈವಾನಿನ ತೀರದಲ್ಲಿ ಹಡಗೊಡೆದು ಸಿಕ್ಕಿಬಿದ್ದು, 1871ರಲ್ಲಿ ಅಲ್ಲಿನ ಮೂಲನಿವಾಸಿಗಳ ಕೈಯಲ್ಲಿ ಕೊಲೆಯಾಗಿದ್ದರು. ಅದನ್ನೇ ಕಾರಣ ಮಾಡಿಕೊಂಡು 1874ರಲ್ಲಿ ಜಪಾನ್ ಸುಮಾರು 3,600 ಸೈನಿಕರನ್ನು ತೈವಾನಿಗೆ ಕಳಿಸಿತು. ಬ್ರಿಟಿಷ್ ರಾಯಭಾರಿ ಥಾಮಸ್ ವೇಡ್ ಮಧ್ಯಸ್ಥಿಕೆ ವಹಿಸಿದ. ಚೀನಾ 5 ಲಕ್ಷ ತೇಲ್ (ಚೀನಾದ ತೂಕದ ಅಳತೆ) ಬೆಳ್ಳಿ ಕೊಟ್ಟು ಸೈನ್ಯವನ್ನು ವಾಪಸು ಕಳಿಸಿತು. ಅದರಲ್ಲಿ 1 ಲಕ್ಷ ಸತ್ತವರ ಕುಟುಂಬಗಳಿಗೆ, ಉಳಿದ 4 ಲಕ್ಷ ಜಪಾನೀಯರು ಅಲ್ಲಿ ಕಟ್ಟಿದ ರಸ್ತೆ, ಕಟ್ಟಡಗಳಿಗೆ. ಮೊತ್ತ ಸಣ್ಣದು, ತಪ್ಪು ದೊಡ್ಡದು. ಸತ್ತವರಿಗಾಗಿ ಜಪಾನಿಗೆ ಪರಿಹಾರ ಕೊಟ್ಟದ್ದೆಂದರೆ ಅವರು ಜಪಾನಿನ ಪ್ರಜೆಗಳೆಂದು ಒಪ್ಪಿದಂತಾಯಿತು. ಐದು ವರ್ಷಗಳಲ್ಲಿ, 1879ರಲ್ಲಿ, ರ್ಯೂಕ್ಯು ರಾಜ್ಯ ಅಳಿದು ಒಕಿನಾವಾ ಜಿಲ್ಲೆಯಾಯಿತು.

ಕೊರಿಯಾದಲ್ಲಿ ನಡೆದದ್ದು ಇನ್ನೂ ನಿಖರವಾದ ಅನುಕರಣೆ. ಅಮೆರಿಕದ ಪೆರ್ರಿ ಹಬೆಹಡಗುಗಳನ್ನು ತಂದು ಜಪಾನಿನ ಬಾಗಿಲು ತೆಗೆಸಿದ 22 ವರ್ಷಗಳಿಗೆ, 1876ರಲ್ಲಿ, ಜಪಾನ್ ತನ್ನ ಹಡಗುಗಳೊಂದಿಗೆ ಗಂಗ್‌ಹ್ವಾಗೆ ಹೋಗಿ ಕೊರಿಯಾದ ಸಹಿ ಪಡೆಯಿತು. ಆ ಒಪ್ಪಂದದ ಮೊದಲ ವಿಧಿ ಕೊರಿಯಾ ಸ್ವತಂತ್ರ ರಾಷ್ಟ್ರ ಎನ್ನುತ್ತದೆ. ಶತಮಾನಗಳಿಂದ ಚೀನಾಕ್ಕೆ ಕಪ್ಪಕಾಣಿಕೆ ಸಲ್ಲಿಸುತ್ತಿದ್ದ ದೇಶವನ್ನು ಆ ನಂಟಿನಿಂದ ಕತ್ತರಿಸುವುದೇ ಆ ಸಾಲಿನ ಉದ್ದೇಶ. ಅದೇ ಒಪ್ಪಂದದ ಮುಂದಿನ ವಿಧಿಗಳು ಜಪಾನೀಯರಿಗೆ ಕಾನ್ಸುಲ್ ವಿಚಾರಣೆಯ ಹಕ್ಕು ಕೊಟ್ಟವು. ಜೊತೆಗೆ ಬಂದ ಪೂರಕ ಕರಾರುಗಳ ಪ್ರಕಾರ ಜಪಾನಿನ ಸರಕಿಗೆ ಸುಂಕವೇ ಇರಲಿಲ್ಲ. ಪಾಶ್ಚಾತ್ಯರು ಶೇ. 5 ಆದರೂ ಕೊಡುತ್ತಿದ್ದರು.

ಹಡಗು, ಗುಂಡು, ಕಂದಾಯ

1894ರ ಯುದ್ಧದಲ್ಲಿ ಚೀನಾ ಸೋತದ್ದು ಹಡಗುಗಳು ಕಡಿಮೆಯಿದ್ದುದರಿಂದಲ್ಲ. ಜರ್ಮನಿಯ ಸ್ಟೆಟಿನ್‌ನಲ್ಲಿ ಕಟ್ಟಿದ ಡಿಂಗ್‌ಯುವಾನ್ ಮತ್ತು ಝೆನ್‌ಯುವಾನ್ ಎಂಬ ಎರಡು ಉಕ್ಕಿನ ಕವಚದ ನೌಕೆಗಳಿಗೆ ಪೂರ್ವ ಏಷ್ಯಾದಲ್ಲಿ ಸಾಟಿಯಿರಲಿಲ್ಲ. ಒಂದೊಂದೂ 7,000 ಟನ್ ಮೀರಿದ್ದು, ಒಂದೊಂದರಲ್ಲೂ 305 ಮಿ.ಮೀ. ಬಾಯಿಯ ನಾಲ್ಕು ಕ್ರುಪ್ ಫಿರಂಗಿಗಳಿದ್ದವು. ಇವಕ್ಕೆ ಉತ್ತರವೆಂದು ಜಪಾನ್ ಮೂರು ಹಡಗುಗಳ ಮೇಲೆ 320 ಮಿ.ಮೀ. ಫಿರಂಗಿ ಕೂರಿಸಿತು. ನಾಲ್ಕು ಸಾವಿರ ಚಿಲ್ಲರೆ ಟನ್ನಿನ ಹಡಗಿಗೆ ಅಷ್ಟು ಭಾರದ ಫಿರಂಗಿ ಹೊಂದಲಿಲ್ಲ. ಕದನದ ದಿನ ಅವು ಬೆರಳೆಣಿಕೆಯ ಗುಂಡುಗಳನ್ನಷ್ಟೇ ಹಾರಿಸಿದವು. ಜಪಾನಿಗೆ ಕೈಹಿಡಿದದ್ದು ನಿಮಿಷಕ್ಕೆ ಹಲವು ಗುಂಡು ಹಾರಿಸುವ 120 ಮತ್ತು 152 ಮಿ.ಮೀ.ನ ಸಣ್ಣ ಫಿರಂಗಿಗಳು, ಮತ್ತು ವೇಗ. ಇಂಗ್ಲೆಂಡಿನ ಆರ್ಮ್‌ಸ್ಟ್ರಾಂಗ್ ಕಾರ್ಖಾನೆಯ ಯೊಶಿನೊ 23 ನಾಟ್ ಓಡುತ್ತಿತ್ತು. ಡಿಂಗ್‌ಯುವಾನ್ ಹದಿನೈದಕ್ಕಿಂತ ಹೆಚ್ಚು ಓಡಲಾರದು.

1894ರ ಸೆಪ್ಟೆಂಬರ್ 17ರಂದು ಯಾಲೂ ನದೀಮುಖದ ಬಳಿ ಐದು ಚೀನೀ ಹಡಗುಗಳು ನಾಶವಾದವು. ಜಪಾನಿನದು ಒಂದೂ ಮುಳುಗಲಿಲ್ಲ. ನೂರಕ್ಕೂ ಹೆಚ್ಚು ಏಟು ತಿಂದರೂ ಆ ಎರಡು ದೊಡ್ಡ ನೌಕೆಗಳು ತೇಲುತ್ತಲೇ ಇದ್ದವು. ಉಕ್ಕಿನಲ್ಲಿ ದೋಷವಿರಲಿಲ್ಲ, ಮದ್ದುಗುಂಡಿನಲ್ಲಿತ್ತು. ಭಾರಿ ಗುಂಡುಗಳು ಜಪಾನಿನ ಹಡಗುಗಳ ಒಡಲನ್ನು ತೂರಿ ಆಚೆ ಹೋದರೂ ಸಿಡಿಯಲಿಲ್ಲ. ಸಿಡಿಯುವ ಗುಂಡುಗಳ ದಾಸ್ತಾನೇ ಸಾಲದಿತ್ತು. 1888ರ ನಂತರ ಬೇಯಾಂಗ್ ಎಂಬ ಚೀನಾದ ಉತ್ತರದ ನೌಕಾದಳಕ್ಕೆ ದೊಡ್ಡ ಹೊಸ ಹಡಗು ಬಂದಿರಲಿಲ್ಲ. ನೌಕಾದಳದ ಹಣದ ಒಂದು ಪಾಲು ರಾಜಮಾತೆ ಸಿಕ್ಸಿಯ ಬೇಸಿಗೆ ಅರಮನೆಗೆ ಹೋಗಿತ್ತು.

ಅರಮನೆಯನ್ನೇ ದೂರುವವರು ಮುಖ್ಯ ಕಾರಣವನ್ನು ಕಡೆಗಣಿಸುತ್ತಾರೆ. ಜಪಾನ್ 1873ರಲ್ಲಿ ಭೂಕಂದಾಯವನ್ನು ಬೆಳೆಯ ಪಾಲಿನಿಂದ ನಗದಿಗೆ ಬದಲಾಯಿಸಿ ಭೂಮಿಯ ಬೆಲೆಯ ಶೇ. 3ಕ್ಕೆ ನಿಗದಿ ಮಾಡಿತು. ರೈತರು ದಂಗೆಯೆದ್ದ ಮೇಲೆ 1877ರಲ್ಲಿ ಅದು ಶೇ. 2.5ಕ್ಕೆ ಇಳಿಯಿತು. ಬರುವ ಹಣ ಇಷ್ಟೇ ಎಂದು ಸರ್ಕಾರಕ್ಕೆ ಮುಂಚಿತವಾಗಿ ಗೊತ್ತಿರುತ್ತಿತ್ತು, ಹಣವೆಲ್ಲ ಒಂದೇ ಖಜಾನೆಗೆ ಸೇರುತ್ತಿತ್ತು. ಚೀನಾದಲ್ಲಿ ಕಂದಾಯ ಪ್ರಾಂತ್ಯಗಳ ಕೈ ದಾಟಿ ಬರಬೇಕು. ನೌಕಾದಳಗಳೂ ಪ್ರಾಂತ್ಯಗಳಿಗೆ ಹಂಚಿಹೋಗಿದ್ದವು. ಯುದ್ಧ ಮಾಡಿದ್ದು ಉತ್ತರದ ದಳ, ದಕ್ಷಿಣದವು ಬಹುಮಟ್ಟಿಗೆ ನೋಡುತ್ತ ನಿಂತವು. 1895ರ ಫೆಬ್ರವರಿಯಲ್ಲಿ ವೇಹೈವೇ ಬಂದರಿನಲ್ಲಿ ಶರಣಾಗುವ ಹೊತ್ತಿಗೆ ಚೀನೀ ಅಧಿಕಾರಿಯೊಬ್ಬ, ಗುವಾಂಗ್‌ಬಿಂಗ್ ಎಂಬ ಹಡಗು ಗುವಾಂಗ್‌ಡಾಂಗ್ ಪ್ರಾಂತ್ಯದ್ದು, ಈ ಯುದ್ಧಕ್ಕೂ ಅದಕ್ಕೂ ಸಂಬಂಧವಿಲ್ಲ, ಬಿಟ್ಟುಕೊಡಿ ಎಂದು ಜಪಾನಿನ ನೌಕಾಧಿಪತಿಯನ್ನು ಕೇಳಿದ. ಒಂದು ದೇಶ ಇನ್ನೊಂದು ದೇಶದೊಡನೆ ಯುದ್ಧ ಮಾಡುತ್ತಿದೆ ಎಂಬ ಕಲ್ಪನೆಯೇ ಇಲ್ಲದೆ ಹುಟ್ಟಿದ ಮನವಿ ಅದು.

ಲಂಡನ್ನಿನ ಒಂಬತ್ತು ದಿನಗಳು

ಯುದ್ಧಕ್ಕೆ ನೆಪವಾದದ್ದು ಕೊರಿಯಾದ ಡೊಂಗ್‌ಹಾಕ್ ರೈತ ದಂಗೆ. ಕೊರಿಯಾದ ಅರಸ ಚೀನಾದ ನೆರವು ಕೇಳಿದ, ಚೀನಾ ಮೂರು ಸಾವಿರದಷ್ಟು ಸೈನಿಕರನ್ನು ಕಳಿಸಿತು. 1885ರ ತಿಯಾನ್‌ಜಿನ್ ಒಪ್ಪಂದದಂತೆ ಇಬ್ಬರೂ ಸೈನ್ಯ ಕಳಿಸುವ ಮುನ್ನ ಪರಸ್ಪರ ತಿಳಿಸಬೇಕಿತ್ತು. ಚೀನಾ ತಿಳಿಸಿತು, ಜಪಾನ್ ಅದರ ಎರಡು ಪಟ್ಟಿಗೂ ಮೀರಿದ ಪಡೆ ಇಳಿಸಿತು. ಆ ಬೇಸಿಗೆಯ ತಾರೀಕುಗಳು ಕಥೆಯನ್ನು ತಾವೇ ಹೇಳುತ್ತವೆ. ಜುಲೈ 16ರಂದು ಲಂಡನ್ನಿನಲ್ಲಿ ಬ್ರಿಟನ್ ಮತ್ತು ಜಪಾನ್ ಹೊಸ ವಾಣಿಜ್ಯ ಒಪ್ಪಂದಕ್ಕೆ ಸಹಿ ಹಾಕಿದವು. 1899ರಿಂದ ಬ್ರಿಟಿಷರ ಕಾನ್ಸುಲ್ ವಿಚಾರಣೆ ಜಪಾನಿನಲ್ಲಿ ನಿಲ್ಲುತ್ತದೆಂದು ಅದು ಹೇಳಿತು. ಅಸಮಾನ ಒಪ್ಪಂದದ ದೊಡ್ಡ ಕೊಂಡಿ ಕಳಚಿತು, ಬ್ರಿಟನ್ ಅಡ್ಡ ಬರುವುದಿಲ್ಲವೆಂಬ ಧೈರ್ಯವೂ ಬಂತು. ಜುಲೈ 23ರಂದು ಜಪಾನೀ ಪಡೆ ಸಿಯೋಲ್‌ನ ಅರಮನೆಗೆ ನುಗ್ಗಿತು. 25ರಂದು ಕ್ಯಾಪ್ಟನ್ ತೊಗೊ ಹೆಯಿಹಾಚಿರೊನ ನಾನಿವಾ ನೌಕೆ, ಸುಮಾರು 1,100 ಚೀನೀ ಸೈನಿಕರನ್ನು ಹೊತ್ತಿದ್ದ ಕೌಷಿಂಗ್ ಎಂಬ ಬ್ರಿಟಿಷ್ ಹಡಗನ್ನು ಮುಳುಗಿಸಿತು. ಹೆಚ್ಚಿನವರು ಸತ್ತರು. ಯುದ್ಧ ಘೋಷಣೆಯಾದದ್ದು ಆಗಸ್ಟ್ 1ರಂದು.

ಬ್ರಿಟಿಷ್ ಬಾವುಟದ ಹಡಗನ್ನು ಮುಳುಗಿಸಿದ್ದಕ್ಕೆ ಲಂಡನ್ ಕೆರಳಿತು. ಆದರೆ ಹಾಲಂಡ್ ಮತ್ತು ವೆಸ್ಟ್‌ಲೇಕ್ ಎಂಬ ಇಬ್ಬರು ಬ್ರಿಟಿಷ್ ಕಾನೂನು ವಿದ್ವಾಂಸರೇ ಪತ್ರಿಕೆಗೆ ಬರೆದು ತೊಗೊ ಮಾಡಿದ್ದು ಅಂತರರಾಷ್ಟ್ರೀಯ ಕಾನೂನಿಗೆ ಹೊಂದುತ್ತದೆ ಎಂದರು. ಗುಂಡಿಗೂ ಮುಂಚೆ ಕಾನೂನಿನ ಪಾಠ ಕಲಿತದ್ದರ ಫಲ ಅದು.

ಬೆಳ್ಳಿಯ ಲೆಕ್ಕ

ಷಿಮೊನೊಸೆಕಿಯಲ್ಲಿ ಮೇಜಿನ ಒಂದು ಬದಿಗೆ ಜಪಾನಿನ ಪ್ರಧಾನಿ ಇತೊ ಹಿರೊಬುಮಿ ಮತ್ತು ವಿದೇಶಾಂಗ ಸಚಿವ ಮುತ್ಸು ಮುನೆಮಿತ್ಸು, ಇನ್ನೊಂದು ಬದಿಗೆ ಎಪ್ಪತ್ತು ದಾಟಿದ ಲಿ ಹೊಂಗ್‌ಜಾಂಗ್. ಮಾರ್ಚ್ 24ರಂದು ಜಪಾನೀ ಯುವಕನೊಬ್ಬ ಲಿಯ ಮುಖಕ್ಕೆ ಗುಂಡು ಹೊಡೆದ. ಲಿ ಬದುಕಿದರು, ಲೋಕದ ಅನುಕಂಪ ಚೀನಾದ ಕಡೆ ವಾಲಿತು. ಜಪಾನ್ ಕೇಳಿದ್ದ 30 ಕೋಟಿ ತೇಲ್ ಯುದ್ಧದಂಡ 20 ಕೋಟಿಗೆ ಇಳಿಯಿತು.

ಒಂದು ಕುಪಿಂಗ್ ತೇಲ್ ಎಂದರೆ ಸುಮಾರು 37.3 ಗ್ರಾಂ ಬೆಳ್ಳಿ, ನಮ್ಮ ತೊಲದ ಮೂರು ಪಟ್ಟಿಗಿಂತ ಸ್ವಲ್ಪ ಹೆಚ್ಚು. ಕರಾರಿನಲ್ಲಿ ಜಪಾನಿಗೆ ಹೋಗಿದ್ದ ಲಿಯಾವೊಡಾಂಗ್ ಪರ್ಯಾಯ ದ್ವೀಪವನ್ನು ವಾಪಸು ಪಡೆಯಲು ಕೊಟ್ಟ 3 ಕೋಟಿ ಮತ್ತು ವೇಹೈವೇಯಲ್ಲಿ ಕೂತ ಜಪಾನೀ ಸೇನೆಯ ಖರ್ಚು ಸೇರಿ ಒಟ್ಟು 23.15 ಕೋಟಿ ತೇಲ್ ಆಯಿತು. ತೂಕದಲ್ಲಿ 8,600 ಟನ್ ಬೆಳ್ಳಿ. ಚೀನಾವನ್ನು ಆಳುತ್ತಿದ್ದ ಚಿಂಗ್ ಮನೆತನದ ಖಜಾನೆಯ ವರ್ಷದ ಆದಾಯ 8ರಿಂದ 9 ಕೋಟಿ ತೇಲ್ ಇದ್ದಾಗಿನ ಮಾತಿದು. 20 ಕೋಟಿಯನ್ನು ಎಂಟು ಕಂತುಗಳಲ್ಲಿ ತೀರಿಸಬೇಕು: ಮೊದಲ ಒಂದು ವರ್ಷದಲ್ಲಿ ತಲಾ 5 ಕೋಟಿಯ ಎರಡು, ಆಮೇಲೆ ಆರು ಸಮ ವಾರ್ಷಿಕ ಕಂತು. ಬಾಕಿಗೆ ಶೇ. 5 ಬಡ್ಡಿ. ಮೂರು ವರ್ಷದೊಳಗೆ ಪೂರ್ತಿ ತೀರಿಸಿದರೆ ಬಡ್ಡಿ ಮಾಫಿ. ಈ ಕೊನೆಯ ಸಾಲು ದಯೆಯಂತೆ ಕಂಡರೂ ಪರಿಣಾಮ ಬೇರೆಯೇ ಆಯಿತು. ಬಡ್ಡಿ ತಪ್ಪಿಸಿಕೊಳ್ಳಲು ಮೂರು ವರ್ಷದಲ್ಲಿ ಅಷ್ಟು ಹಣ ಹೊಂದಿಸಬೇಕೆಂದರೆ ಚೀನಾ ಯುರೋಪಿನ ಸಾಲದ ಪೇಟೆಗೆ ಹೋಗಲೇಬೇಕಿತ್ತು.

ಮೂರು ಸಾಲ ಎತ್ತಿತು. 1895ರಲ್ಲಿ ರಷ್ಯಾದ ಜಾಮೀನಿನ ಮೇಲೆ ಮುಖ್ಯವಾಗಿ ಫ್ರೆಂಚ್ ಬ್ಯಾಂಕುಗಳಿಂದ 40 ಕೋಟಿ ಫ್ರಾಂಕ್, ಶೇ. 4 ಬಡ್ಡಿ, 36 ವರ್ಷ. 1896ರಲ್ಲಿ ಬ್ರಿಟಿಷ್ ಮತ್ತು ಜರ್ಮನ್ ಬ್ಯಾಂಕುಗಳಿಂದ 1.6 ಕೋಟಿ ಪೌಂಡ್, ಶೇ. 5, ಮತ್ತೆ 36 ವರ್ಷ. 1898ರಲ್ಲಿ ಅವರಿಂದಲೇ ಇನ್ನೊಂದು 1.6 ಕೋಟಿ ಪೌಂಡ್, ಶೇ. 4.5, 45 ವರ್ಷ. ಮೂರನೆಯ ಸಾಲದಲ್ಲಿ ನೂರು ಪೌಂಡಿನ ಪತ್ರಕ್ಕೆ ಚೀನಾದ ಕೈಗೆ ಬಂದದ್ದು 83 ಪೌಂಡ್. ಬಡ್ಡಿ ಮಾತ್ರ ನೂರರ ಮೇಲೆ. ಅಂದರೆ ಕಾಗದದ ಮೇಲಿನ ನಾಲ್ಕೂವರೆ ನಿಜದಲ್ಲಿ ಐದೂವರೆಯ ಹತ್ತಿರ. ಮೂರಕ್ಕೂ ಅಡಮಾನ ಚೀನಾದ ಕಡಲ ಸುಂಕ, ಸಾಲದ್ದಕ್ಕೆ ಮೂರನೆಯದಕ್ಕೆ ಒಳನಾಡಿನ ಕೆಲವು ಪ್ರದೇಶಗಳ ಸಾಗಣೆ ಸುಂಕವೂ ಸೇರಿತು. ಆ ಕಡಲ ಸುಂಕದ ಇಲಾಖೆಯನ್ನು ಅದಾಗಲೇ ರಾಬರ್ಟ್ ಹಾರ್ಟ್ ಎಂಬ ಬ್ರಿಟಿಷ್ ಅಧಿಕಾರಿ ನಡೆಸುತ್ತಿದ್ದ. ಸಾಲ ತೀರುವವರೆಗೆ ಇಲಾಖೆಯ ವ್ಯವಸ್ಥೆ ಬದಲಾಗಬಾರದೆಂದು ಕರಾರಿನಲ್ಲೇ ಬರೆಸಿಕೊಂಡರು. ಸುಂಕವನ್ನು ಶೇ. 5ಕ್ಕಿಂತ ಏರಿಸುವಂತಿಲ್ಲ, ಬಂದದ್ದು ಸಾಲ ಕೊಟ್ಟವರ ಪಾಲು. ಇಂಥ ದೇಶ ಯಾವ ಹಣದಿಂದ ಶಾಲೆ, ರೈಲು, ಸೇನೆ ಕಟ್ಟಬೇಕಿತ್ತು?

ಇದರ ಮೇಲೆ ಬೆಳ್ಳಿಯ ಏಟು. ಚೀನಾದ ಆದಾಯ ಬೆಳ್ಳಿಯಲ್ಲಿ, ಸಾಲ ಚಿನ್ನದಲ್ಲಿ. ಭಾರತದ ಬ್ರಿಟಿಷ್ ಸರ್ಕಾರ 1893ರ ಜೂನ್‌ನಲ್ಲಿ ಟಂಕಸಾಲೆಗಳನ್ನು ಖಾಸಗಿ ಬೆಳ್ಳಿಗೆ ಮುಚ್ಚಿದ್ದೂ ಸೇರಿ ಬೆಳ್ಳಿಯ ಬೆಲೆ ಕುಸಿಯುತ್ತಲೇ ಇತ್ತು. 1895ರಲ್ಲಿ ಒಂದು ಸುಂಕದ ತೇಲ್‌ಗೆ ಸುಮಾರು 3 ಶಿಲಿಂಗ್ 3 ಪೆನ್ಸ್ ಸಿಗುತ್ತಿತ್ತು, 1902ರಲ್ಲಿ 2 ಶಿಲಿಂಗ್ 7 ಪೆನ್ಸ್. ಅದೇ ಒಂದು ಪೌಂಡ್ ಕಂತಿಗೆ ಮೊದಲಿಗಿಂತ ಕಾಲು ಭಾಗದಷ್ಟು ಹೆಚ್ಚು ಬೆಳ್ಳಿ ಸುರಿಯಬೇಕಾಯಿತು.

ಇತ್ತ ಜಪಾನ್ ದಂಡವನ್ನು ಬೆಳ್ಳಿಯಲ್ಲಿ ಪಡೆಯಲೇ ಇಲ್ಲ. ಲಂಡನ್ನಿನಲ್ಲಿ ಪೌಂಡುಗಳಲ್ಲಿ ಕೊಡಿ ಎಂದಿತು. ಹಾಗೆ ಬಂದ ಸುಮಾರು 3.8 ಕೋಟಿ ಪೌಂಡಿನ ಬೆನ್ನ ಮೇಲೆ 1897ರ ಅಕ್ಟೋಬರ್‌ನಲ್ಲಿ ಚಿನ್ನದ ಮಾನಕಕ್ಕೆ ದಾಟಿತು: ಒಂದು ಯೆನ್ ಎಂದರೆ 0.75 ಗ್ರಾಂ ಚಿನ್ನ. ಚಿನ್ನದ ನಾಣ್ಯದ ದೇಶಕ್ಕೆ ಲಂಡನ್ನಿನಲ್ಲಿ ಸಾಲ ಸುಲಭವಾಗಿ ಸಿಗುತ್ತದೆ. ಏಳು ವರ್ಷಗಳ ನಂತರ ರಷ್ಯಾದ ಮೇಲಿನ ಯುದ್ಧಕ್ಕೆ ಜಪಾನ್ ಎತ್ತಿದ ಸಾಲಗಳ ಬುಡ ಇದೇ. ಯೆನ್ ಲೆಕ್ಕದಲ್ಲಿ 36 ಕೋಟಿಯಷ್ಟಾದ ದಂಡದಲ್ಲಿ ನೌಕಾದಳದ ವಿಸ್ತರಣೆಗೆ ಸುಮಾರು 13.9 ಕೋಟಿ, ಯುದ್ಧದ ಖರ್ಚಿಗೆ 7.9 ಕೋಟಿ, ಭೂಸೇನೆಗೆ 5.7 ಕೋಟಿ, ಚಕ್ರವರ್ತಿಯ ಮನೆತನಕ್ಕೆ 2 ಕೋಟಿ ಹೋಯಿತು. ಪ್ರಾಥಮಿಕ ಶಿಕ್ಷಣದ ನಿಧಿಗೆ 1 ಕೋಟಿ. 1901ರಲ್ಲಿ ಕೆಲಸ ಆರಂಭಿಸಿದ ಯಹಾತಾ ಉಕ್ಕಿನ ಕಾರ್ಖಾನೆಗೂ ಒಂದು ಸಣ್ಣ ಪಾಲು. ಯುದ್ಧಾನಂತರದ ಯೋಜನೆಯ ಷಿಕಿಷಿಮಾ, ಹಾತ್ಸುಸೆ, ಅಸಾಹಿ, ಮಿಕಾಸಾ ಎಂಬ ನಾಲ್ಕೂ ಮಹಾನೌಕೆಗಳು ಬ್ರಿಟನ್ನಿನ ಹಡಗುಕಟ್ಟೆಗಳಲ್ಲೇ ತಯಾರಾದವು. ಬ್ರಿಟಿಷ್ ಬ್ಯಾಂಕು ಚೀನಾಕ್ಕೆ ಸಾಲ ಕೊಟ್ಟಿತು, ಚೀನಾ ಅದನ್ನು ಲಂಡನ್ನಿನಲ್ಲೇ ಜಪಾನಿಗೆ ಕೊಟ್ಟಿತು, ಜಪಾನ್ ಅದನ್ನು ಬ್ರಿಟಿಷ್ ಹಡಗುಕಟ್ಟೆಗೆ ಕೊಟ್ಟಿತು. ಹಣ ಊರು ಬಿಟ್ಟು ಹೆಚ್ಚು ದೂರ ಹೋಗಲೇ ಇಲ್ಲ.

ಕೊನೆಯ ಕಂತು ಸಂದದ್ದು 1898ರ ಮೇ ತಿಂಗಳಲ್ಲಿ. ಅದೇ ವರ್ಷ ಎಂ. ವಿಶ್ವೇಶ್ವರಯ್ಯನವರು ಮೊದಲ ಬಾರಿಗೆ ಜಪಾನಿಗೆ ಹೋಗಿ ಅಲ್ಲಿನ ಶಿಕ್ಷಣ, ಕೈಗಾರಿಕೆಗಳನ್ನು ಕಂಡು ಬಂದರು. ಬೆಂಗಳೂರಿನ ಬಸವನಗುಡಿಯ ಬಳಿ ಜಮ್‌ಷೆಟ್‌ಜಿ ಟಾಟಾ ಜಪಾನೀ ಪರಿಣತರನ್ನು ಕರೆಸಿ ರೇಷ್ಮೆ ತೋಟ ಮಾಡಿಸಿದ್ದೂ ಆ ಕಾಲದಲ್ಲೇ. ಟಾಟಾ ಸಿಲ್ಕ್ ಫಾರ್ಮ್ ಎಂಬ ಬಡಾವಣೆಯ ಹೆಸರು ಅದರಿಂದ ಬಂತು. ಮೈಸೂರು ಸೀಮೆ ಮಾದರಿಯಾಗಿ ನೋಡಿದ ಜಪಾನಿನ ಶ್ರಮ, ಶಿಸ್ತು ನಿಜವೇ. ಅದರ ಹಿಂದೆ ಚೀನಾದ ರೈತ ತೆತ್ತ ಬೆಳ್ಳಿಯೂ ಇತ್ತು.

ಒಬ್ಬನಿಗೆ ತೆರೆದ ಬಾಗಿಲು

ಕರಾರಿನ 6ನೇ ವಿಧಿ ಒಪ್ಪಂದದ ಬಂದರುಗಳಲ್ಲಿ ಕಾರ್ಖಾನೆ ತೆರೆಯುವ ಹಕ್ಕನ್ನು ಜಪಾನೀಯರಿಗೆ ಕೊಟ್ಟಿತು. ಪರಮಾಪ್ತ ಷರತ್ತಿನಿಂದ ಆ ಹಕ್ಕು ಮರುಕ್ಷಣವೇ ಎಲ್ಲ ಪಾಶ್ಚಾತ್ಯರದೂ ಆಯಿತು. ಮೊದಲು ಬಳಸಿಕೊಂಡವರೂ ಅವರೇ. 1897ರ ವೇಳೆಗೆ ಶಾಂಘೈನಲ್ಲಿ ಪಾಶ್ಚಾತ್ಯ ಕಂಪನಿಗಳ ನಾಲ್ಕು ನೂಲಿನ ಗಿರಣಿಗಳು ಎದ್ದಿದ್ದವು. ಬಂಡವಾಳ ಸಾಲದ ಜಪಾನೀ ಗಿರಣಿ ಮಾಲೀಕರು ಆಗ ಜಪಾನಿನಲ್ಲೇ ನೂತು ಚೀನಾಕ್ಕೆ ಸಾಗಿಸುತ್ತಿದ್ದರು, ಅದೂ ಭಾರತದ ಹತ್ತಿಯಿಂದ. ಬ್ರಿಟಿಷ್ ಹಡಗು ಕಂಪನಿಗಳ ಬಾಡಿಗೆಯ ಕೂಟವನ್ನು ಮುರಿಯಲು ಟಾಟಾ ಜೊತೆಗೂಡಿ ಜಪಾನ್ 1893ರಲ್ಲೇ ಮುಂಬೈ ಮಾರ್ಗ ತೆರೆದಿತ್ತು. ಚೀನಾದ ನೂಲಿನ ಪೇಟೆ ಮುಂಬೈ ಗಿರಣಿಗಳ ಕೈತಪ್ಪಿ ಒಸಾಕಾದ ಪಾಲಾದದ್ದು ಹೀಗೆ. ಶಾಂಘೈನಲ್ಲಿ ಜಪಾನೀ ಗಿರಣಿಗಳ ಕಾಲ ಬಂದದ್ದು ಆಮೇಲೆ. ಅಂಥದೇ ಒಂದು ಗಿರಣಿಯಲ್ಲಿ ಕಾರ್ಮಿಕನೊಬ್ಬನ ಕೊಲೆಯಾಗಿ ವಿದೇಶಿಯರ ವಿರುದ್ಧದ 1925ರ ಮೇ 30ರ ಚಳವಳಿ ಹೊತ್ತಿಕೊಂಡಿತು.

ಜಪಾನಿಗೂ ಪಾಶ್ಚಾತ್ಯರು ಪಾಠ ಕಲಿಸಿದರು. ಸಹಿಯಾದ ಆರನೇ ದಿನಕ್ಕೆ, ಏಪ್ರಿಲ್ 23ರಂದು, ರಷ್ಯಾ, ಜರ್ಮನಿ, ಫ್ರಾನ್ಸ್ ಸೇರಿ ಲಿಯಾವೊಡಾಂಗ್ ಬಿಟ್ಟುಕೊಡೆಂದು ಹೇಳಿದವು. ಜಪಾನ್ ಬಿಟ್ಟಿತು. ಮೂರೇ ವರ್ಷಕ್ಕೆ ಅದೇ ಜಾಗದ ಪೋರ್ಟ್ ಆರ್ಥರನ್ನು ರಷ್ಯಾ 25 ವರ್ಷದ ಗುತ್ತಿಗೆಗೆ ಪಡೆಯಿತು. ಜರ್ಮನಿ ಜಿಯಾವೊಝೌ ಹಿಡಿಯಿತು, ಬ್ರಿಟನ್ ವೇಹೈವೇ, ಫ್ರಾನ್ಸ್ ಗುವಾಂಗ್‌ಝೌವಾನ್. ವಿದೇಶಿಯರ ವಿರುದ್ಧ ಎದ್ದ ಬಾಕ್ಸರ್ ದಂಗೆಯ ನಂತರದ 1901ರ ಒಪ್ಪಂದ ಇನ್ನೂ 45 ಕೋಟಿ ತೇಲ್ ದಂಡ ಹೇರಿತು. ಬೀಜಿಂಗ್‌ನಿಂದ ಸಮುದ್ರದವರೆಗಿನ ದಾರಿಯಲ್ಲಿ ವಿದೇಶಿ ಸೇನೆ ಇರಿಸುವ ಹಕ್ಕನ್ನೂ ಕೊಟ್ಟಿತು. 1937ರ ಜುಲೈ 7ರಂದು ಮಾರ್ಕೊ ಪೋಲೊ ಸೇತುವೆಯ ಬಳಿ ಗುಂಡಿನ ಚಕಮಕಿ ನಡೆಸಿದ ಜಪಾನೀ ತುಕಡಿ ಅಲ್ಲಿ ಇದ್ದದ್ದು ಆ 36 ವರ್ಷ ಹಳೆಯ ಹಕ್ಕಿನ ಆಧಾರದಲ್ಲೇ. ಎಂಟು ವರ್ಷಗಳ ಮಹಾಯುದ್ಧ ಅಲ್ಲಿಂದ ಶುರುವಾಯಿತು.

ಖಾಲಿ ಬಿಟ್ಟ ಜಾಗ

ಇಂದಿನ ಎರಡು ವಿವಾದಗಳಿಗೆ ಬರೋಣ. ಜಪಾನ್ ಸೆಂಕಾಕು ಎಂದೂ ಚೀನಾ ಡಿಯಾವ್ಯು ಎಂದೂ ಕರೆಯುವ ನಿರ್ಜನ ದ್ವೀಪಗಳನ್ನು ಜಪಾನಿನ ಸಚಿವ ಸಂಪುಟ ತನ್ನದಾಗಿಸಿಕೊಂಡದ್ದು 1895ರ ಜನವರಿ 14ರಂದು. ಷಿಮೊನೊಸೆಕಿಯ ಸಹಿಗೆ ಆಗ ಇನ್ನೂ ಮೂರು ತಿಂಗಳಿತ್ತು. ಯಾರಿಗೂ ಸೇರದ ದ್ವೀಪಗಳನ್ನು ಬೇರೆಯಾಗಿಯೇ ಪಡೆದೆವು, ಕರಾರಿನಲ್ಲಿ ಅವುಗಳ ಹೆಸರೂ ಇಲ್ಲ ಎನ್ನುವುದು ಜಪಾನಿನ ವಾದ. ಅವು ತೈವಾನಿನ ಅಂಗ, ತೈವಾನಿನೊಂದಿಗೆ ಹೋದವು ತೈವಾನಿನೊಂದಿಗೇ ಮರಳಬೇಕು ಎನ್ನುವುದು ಚೀನಾದ ವಾದ. ಯುದ್ಧ ಗೆಲ್ಲುತ್ತಿರುವ ಹೊತ್ತಿನಲ್ಲಿ, ಪ್ರಕಟಣೆಯೂ ಇಲ್ಲದೆ ಆ ತೀರ್ಮಾನ ಆದದ್ದು ಜಪಾನಿನ ವಾದವನ್ನು ದುರ್ಬಲಗೊಳಿಸುತ್ತದೆ. 1970ರ ಸುಮಾರಿನವರೆಗೆ ಬೀಜಿಂಗ್ ಆ ದ್ವೀಪಗಳ ಬಗ್ಗೆ ದನಿಯೆತ್ತದೇ ಇದ್ದದ್ದು ಚೀನಾದ ವಾದವನ್ನೂ ಅಷ್ಟೇ ದುರ್ಬಲಗೊಳಿಸುತ್ತದೆ.

ತೈವಾನಿನದು ಇನ್ನೂ ಕಠಿಣ. 1943ರ ಕೈರೊ ಘೋಷಣೆ ಜಪಾನ್ ಕಸಿದ ತೈವಾನ್ ಮತ್ತು ಪೆಂಘು ದ್ವೀಪಗಳು ಚೀನಾ ಗಣರಾಜ್ಯಕ್ಕೆ ಮರಳಬೇಕೆಂದಿತು. 1951ರ ಸ್ಯಾನ್ ಫ್ರಾನ್ಸಿಸ್ಕೊ ಒಪ್ಪಂದದಲ್ಲಿ ಜಪಾನ್ ಅವನ್ನು ತ್ಯಜಿಸಿತು, ಯಾರಿಗೆಂದು ಮಾತ್ರ ಬರೆಯಲಿಲ್ಲ. ಬೀಜಿಂಗ್ ಮತ್ತು ತೈಪೆಯಲ್ಲಿದ್ದ ಎರಡು ಚೀನಾ ಸರ್ಕಾರಗಳಲ್ಲಿ ಯಾವುದನ್ನು ಸಮ್ಮೇಳನಕ್ಕೆ ಕರೆಯಬೇಕೆಂದು ಬ್ರಿಟನ್ ಮತ್ತು ಅಮೆರಿಕ ಒಮ್ಮತಕ್ಕೆ ಬರಲಾಗದೆ ಇಬ್ಬರನ್ನೂ ಕರೆದಿರಲಿಲ್ಲ. ಈ ಖಾಲಿ ಜಾಗವನ್ನು ಆಗಲೇ ಆಕ್ಷೇಪಿಸಿದವರಲ್ಲಿ ಭಾರತವೂ ಒಂದು. ನೆಹರೂ ಸರ್ಕಾರ ಆ ಸಮ್ಮೇಳನಕ್ಕೆ ಹೋಗದೆ 1952ರ ಜೂನ್ 9ರಂದು ಜಪಾನಿನೊಂದಿಗೆ ಪ್ರತ್ಯೇಕ ಒಪ್ಪಂದ ಮಾಡಿಕೊಂಡು ಯುದ್ಧ ಪರಿಹಾರವನ್ನು ಬಿಟ್ಟುಕೊಟ್ಟಿತು. 1972ರಲ್ಲಿ ಚೀನಾ ಕೂಡ ಪರಿಹಾರದ ಹಕ್ಕನ್ನು ಕೈಬಿಟ್ಟಿತು. ತೈವಾನ್ ತನ್ನ ಅವಿಭಾಜ್ಯ ಅಂಗವೆಂಬ ಬೀಜಿಂಗ್‌ನ ನಿಲುವನ್ನು ಜಪಾನ್ ಪೂರ್ತಿಯಾಗಿ ಅರ್ಥಮಾಡಿಕೊಂಡು ಗೌರವಿಸುತ್ತದೆ ಎಂದು ಜಂಟಿ ಹೇಳಿಕೆ ಬರೆಯಿತು. ಒಪ್ಪುತ್ತದೆ ಎಂದು ಬರೆಯಲಿಲ್ಲ.

1895ರಲ್ಲಿ ತೈವಾನಿನ ಜನರನ್ನು ಯಾರೂ ಕೇಳಿರಲಿಲ್ಲ. ಆ ಮೇ ತಿಂಗಳಲ್ಲಿ ಅವರು ತಮ್ಮದೇ ಗಣರಾಜ್ಯ ಸಾರಿ ಜಪಾನಿನ ಸೇನೆಯೊಂದಿಗೆ ಅಕ್ಟೋಬರ್‌ವರೆಗೆ ಕಾದಾಡಿದರು. ಲಿ ಹೊಂಗ್‌ಜಾಂಗ್ ಅವರನ್ನು ಬಿಟ್ಟುಕೊಟ್ಟು ಸಹಿ ಹಾಕಿದ ಕರಾರಿನ ಚೀನಾದ ಮೂಲಪ್ರತಿ ಇಂದು ಬೀಜಿಂಗ್‌ನಲ್ಲಿಲ್ಲ. ಅಂತರ್ಯುದ್ಧದಲ್ಲಿ ಸೋತ ಸರ್ಕಾರದ ಜೊತೆ ಸಮುದ್ರ ದಾಟಿದ ಅದು ತೈಪೆಯ ರಾಷ್ಟ್ರೀಯ ಅರಮನೆ ವಸ್ತುಸಂಗ್ರಹಾಲಯದಲ್ಲಿದೆ.